ಕಡ ತಂದ ಅಧಿಕಾರ: ದೆಹಲಿಯ ಗಾಳಿ ಮತ್ತು ಭೂರೇಲಾಲ್ ಸಮಿತಿ

2020ರ ಅಕ್ಟೋಬರ್ 28ರಂದು ಕೇಂದ್ರ ಸರ್ಕಾರ ಒಂದು ಸುಗ್ರೀವಾಜ್ಞೆ ಹೊರಡಿಸಿತು. ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಗಳ ಗಾಳಿಯನ್ನು ನೋಡಿಕೊಳ್ಳಲು ಅದು ಹೊಸ ಆಯೋಗವೊಂದನ್ನು ಹುಟ್ಟುಹಾಕಿತು. ಜೊತೆಗೆ, ಅಲ್ಲಿಯವರೆಗೆ ಆ ಕೆಲಸ ಮಾಡುತ್ತಿದ್ದ ಪ್ರಾಧಿಕಾರವನ್ನು ವಿಸರ್ಜಿಸಿತು. ಆ ಪ್ರಾಧಿಕಾರದ ಪೂರ್ತಿ ಹೆಸರು ಪರಿಸರ ಮಾಲಿನ್ಯ (ತಡೆ ಮತ್ತು ನಿಯಂತ್ರಣ) ಪ್ರಾಧಿಕಾರ. ಇಂಗ್ಲಿಷಿನಲ್ಲಿ ಇಪಿಸಿಎ. ದೆಹಲಿಯ ಪತ್ರಿಕೆಗಳಿಗೂ ಜನರಿಗೂ ಅದು ಬಹುಕಾಲ ಬರೀ 'ಭೂರೇಲಾಲ್ ಸಮಿತಿ'. 1998ರಲ್ಲಿ ಹುಟ್ಟಿ 22 ವರ್ಷ ಬದುಕಿದ ಈ ಸಮಿತಿಗೆ ಬೀಳ್ಕೊಡುಗೆಯೂ ಸಿಗಲಿಲ್ಲ, ಮರಣವಾರ್ತೆಯೂ ಸರಿಯಾಗಿ ಬರಲಿಲ್ಲ.

ನಾನು ಹುಟ್ಟಿದ್ದೂ ಅದೇ 1998ರಲ್ಲಿ. ನಗರಾಡಳಿತದ ಇತಿಹಾಸದ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಈ ಸಮಿತಿಯ ಕಥೆಯಲ್ಲಿ ಆಸಕ್ತಿ ಹುಟ್ಟಿದ್ದು ಗಾಳಿಯ ಕಾರಣಕ್ಕಿಂತ ಹೆಚ್ಚಾಗಿ ಅಧಿಕಾರದ ಕಾರಣಕ್ಕೆ. ಸಲಹೆ ಕೊಡುವುದಷ್ಟೇ ಕೆಲಸವಾಗಿದ್ದ ನಾಲ್ಕಾರು ಜನ ಒಂದು ಮಹಾನಗರದ ಅಷ್ಟೂ ಬಸ್ಸುಗಳ ಇಂಧನವನ್ನು ಬದಲಾಯಿಸಿದ್ದು ಹೇಗೆ? ಅಷ್ಟು ಮಾಡಿದವರನ್ನು ಒಂದು ಸುಗ್ರೀವಾಜ್ಞೆ ಅಷ್ಟು ಸುಲಭವಾಗಿ ಅಳಿಸಿಹಾಕಿದ್ದು ಹೇಗೆ? ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಇದೆ ಎಂದು ನನಗನ್ನಿಸುತ್ತದೆ.

ಕಥೆ ಶುರುವಾಗುವುದು 1985ರಲ್ಲಿ. ವಕೀಲ ಎಂ.ಸಿ. ಮೆಹ್ತಾ ಆ ವರ್ಷ ದೆಹಲಿಯ ಮಾಲಿನ್ಯದ ಬಗ್ಗೆ ಸುಪ್ರೀಂ ಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿದರು. 1985ರ 13029ನೇ ಸಂಖ್ಯೆಯ ಆ ಅರ್ಜಿ ಮುಂದೆ ದಶಕಗಟ್ಟಲೆ ನಡೆಯಿತು. 1991ರಲ್ಲಿ ಕೋರ್ಟು ನಿವೃತ್ತ ನ್ಯಾಯಮೂರ್ತಿ ಕೆ.ಎನ್. ಸೈಕಿಯಾ ಅವರ ನೇತೃತ್ವದಲ್ಲಿ ಒಂದು ಸಮಿತಿ ಮಾಡಿತು. ವಾಹನಗಳಿಗೆ ಸಿಎನ್‌ಜಿ, ಅಂದರೆ ಒತ್ತಿ ತುಂಬಿದ ನೈಸರ್ಗಿಕ ಅನಿಲ, ಒಳ್ಳೆಯ ಬದಲಿ ಇಂಧನ ಎಂದು ಆ ಸಮಿತಿ ಆಗಲೇ ಹೇಳಿತ್ತು. ಮಾತು ಕಡತ ಸೇರಿತು. 1995ರ ಏಪ್ರಿಲಿನಲ್ಲಿ ನಾಲ್ಕು ಮಹಾನಗರಗಳಿಗೆ ಸೀಸರಹಿತ ಪೆಟ್ರೋಲ್ ಬಂತು, ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. 1996ರಲ್ಲಿ ಅನಿಲ್ ಅಗರ್ವಾಲ್ ಅವರ ವಿಜ್ಞಾನ ಮತ್ತು ಪರಿಸರ ಕೇಂದ್ರ ವಾಹನಗಳ ಹೊಗೆಯನ್ನು 'ನಿಧಾನದ ಕೊಲೆ' ಎಂದು ಕರೆದು ಪುಸ್ತಕ ಪ್ರಕಟಿಸಿತು. 1997ರ ಕೊನೆಗೆ ಪರಿಸರ ಸಚಿವಾಲಯವೇ ದೆಹಲಿಯ ಮಾಲಿನ್ಯದ ಬಗ್ಗೆ ಶ್ವೇತಪತ್ರ ಹೊರಡಿಸಿತು. ಹೊಗೆ ಎಲ್ಲಿಂದ ಬರುತ್ತಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅದನ್ನು ತಡೆಯಬೇಕಾದವರು ಯಾರು ಎಂಬುದು ಮಾತ್ರ ಇತ್ಯರ್ಥವಾಗಿರಲಿಲ್ಲ. ಬಸ್ಸು ದೆಹಲಿ ಸರ್ಕಾರದ್ದು, ಇಂಧನ ಪೆಟ್ರೋಲಿಯಂ ಸಚಿವಾಲಯದ್ದು, ವಾಹನದ ಮಾನದಂಡ ಸಾರಿಗೆ ಸಚಿವಾಲಯದ್ದು, ಗಾಳಿ ಅಳೆಯುವುದು ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸ.

1998ರ ಜನವರಿ 29ರಂದು, 1986ರ ಪರಿಸರ ಸಂರಕ್ಷಣಾ ಕಾಯ್ದೆಯ 3ನೇ ಕಲಮಿನಡಿ ಇಪಿಸಿಎ ರಚನೆಯಾಯಿತು. ಅಧ್ಯಕ್ಷರು ಭೂರೇಲಾಲ್, ಜಾರಿ ನಿರ್ದೇಶನಾಲಯದಲ್ಲಿ ಕೆಲಸ ಮಾಡಿ ಹೆಸರಾಗಿದ್ದ ಐಎಎಸ್ ಅಧಿಕಾರಿ. ಉಳಿದ ಸದಸ್ಯರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧ್ಯಕ್ಷ ಡಿ.ಕೆ. ಬಿಸ್ವಾಸ್, ಪರಿಸರವಾದಿ ಅನಿಲ್ ಅಗರ್ವಾಲ್, ಮಾರುತಿ ಕಂಪನಿಯ ಜಗದೀಶ್ ಖಟ್ಟರ್ ಮತ್ತು ದೆಹಲಿಯ ಸಾರಿಗೆ ಆಯುಕ್ತೆ ಕಿರಣ್ ಧಿಂಗ್ರಾ. ಹೊಗೆಯನ್ನು ವಿರೋಧಿಸುವವರು, ಹೊಗೆ ಬಿಡುವ ವಾಹನ ತಯಾರಿಸುವವರು, ಅದಕ್ಕೆ ಪರವಾನಗಿ ಕೊಡುವವರು ಒಂದೇ ಮೇಜಿನ ಸುತ್ತ ಕೂತಿದ್ದರು. ಅಲ್ಲಿ ಕುರ್ಚಿ ಇಲ್ಲದಿದ್ದವರ ಹೆಸರನ್ನೂ ಹೇಳಬೇಕು: ಬಸ್ ಪ್ರಯಾಣಿಕರು, ಆಟೊ ಚಾಲಕರು, ವೈದ್ಯರು.

ಕಾಗದದ ಮೇಲೆ ಈ ಪ್ರಾಧಿಕಾರಕ್ಕೆ ನಿರ್ದೇಶನ ಕೊಡುವ ಅಧಿಕಾರವೂ ಇತ್ತು. ಆದರೆ ಅದು ನಡೆದುಕೊಂಡದ್ದು ಹೆಚ್ಚಾಗಿ ಸಲಹಾ ಸಮಿತಿಯಂತೆಯೇ. ಸ್ಥಳ ನೋಡುವುದು, ಇಲಾಖೆಗಳನ್ನು ಕರೆಸಿ ಕೇಳುವುದು, ವರದಿ ಬರೆದು ಕೋರ್ಟಿಗೆ ಕೊಡುವುದು. ತನ್ನ ಹೆಸರಿನಲ್ಲಿ ಆದೇಶ ಹೊರಡಿಸಿದರೆ ಯಾವ ಇಲಾಖೆಯೂ ಲೆಕ್ಕಕ್ಕಿಡುವುದಿಲ್ಲ, ಅದೇ ಮಾತನ್ನು ಕೋರ್ಟು ಆಡಿದರೆ ಯಾರೂ ಮೀರಲಾರರು ಎಂಬ ಲೆಕ್ಕಾಚಾರ ಅದರ ನಡೆಯಲ್ಲಿ ಕಾಣುತ್ತದೆ.

ಲೆಕ್ಕಾಚಾರ ಬೇಗ ಫಲಿಸಿತು. 1998ರ ಜೂನ್‌ನಲ್ಲಿ ಸಮಿತಿ ಮೊದಲ ವರದಿ ಕೊಟ್ಟಿತು. ಜುಲೈ 28ರಂದು ಸುಪ್ರೀಂ ಕೋರ್ಟು ಆ ಶಿಫಾರಸುಗಳನ್ನು ದಿನಾಂಕಸಮೇತ ಆದೇಶವಾಗಿಸಿತು. ಅದೇ ಸೆಪ್ಟೆಂಬರಿಗೆ ಸೀಸದ ಪೆಟ್ರೋಲ್ ಬಂದ್. 15 ವರ್ಷಕ್ಕಿಂತ ಹಳೆಯ ವಾಣಿಜ್ಯ ವಾಹನಗಳು ಅಕ್ಟೋಬರ್ 2ರೊಳಗೆ ರಸ್ತೆಯಿಂದ ಆಚೆ. 1990ಕ್ಕಿಂತ ಹಳೆಯ ಆಟೊ, ಟ್ಯಾಕ್ಸಿಗಳ ಜಾಗದಲ್ಲಿ 2000ದ ಮಾರ್ಚ್ 31ರೊಳಗೆ ಶುದ್ಧ ಇಂಧನದ ಹೊಸ ವಾಹನಗಳು. ಅಷ್ಟರಲ್ಲಿ ಸಿಎನ್‌ಜಿ ಬಂಕುಗಳು 9ರಿಂದ 80ಕ್ಕೆ ಏರಬೇಕು. 2001ರ ಮಾರ್ಚ್ 31ರೊಳಗೆ ನಗರದ ಎಲ್ಲ ಬಸ್ಸುಗಳೂ ಸಿಎನ್‌ಜಿಗೆ ಬದಲಾಗಬೇಕು. ಜೊತೆಗೆ ಇನ್ನೊಂದು ಸಾಲು: 2001ರ ಏಪ್ರಿಲ್ 1ಕ್ಕೆ ದೆಹಲಿಯಲ್ಲಿ 10,000 ಬಸ್ಸುಗಳಿರಬೇಕು. ಈ ಕೊನೆಯ ಸಾಲಿಗೆ ಮತ್ತೆ ಬರುತ್ತೇನೆ.

ಆದೇಶಕ್ಕೂ ಗಡುವಿಗೂ ನಡುವೆ ಎರಡೂವರೆ ವರ್ಷವಿತ್ತು. ಬಸ್ ಮಾಲೀಕರು ಗಡುವು ಹೇಗೂ ಮುಂದಕ್ಕೆ ಹೋಗುತ್ತದೆ ಎಂದು ಕಾದರು. ಸರ್ಕಾರಗಳೂ ಕಾದವು. ಅನಿಲ ಸಿಗದ ಕಡೆ ಬಸ್ಸು ಕೊಳ್ಳುವವರಾರು, ಬಸ್ಸಿಲ್ಲದ ಕಡೆ ಬಂಕು ಹಾಕುವವರಾರು ಎಂದು ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಿದರು. 2001ರ ಮಾರ್ಚ್ 26ರಂದು ಕೋರ್ಟು ಎಲ್ಲರಿಗೂ ಗಡುವು ವಿಸ್ತರಿಸಲು ಒಪ್ಪದೆ, ಸಿಎನ್‌ಜಿ ವಾಹನಕ್ಕೆ ಆಗಲೇ ಬೇಡಿಕೆ ಸಲ್ಲಿಸಿದ್ದವರಿಗೆ ಮಾತ್ರ ಸೆಪ್ಟೆಂಬರ್ ಕೊನೆಯವರೆಗೆ ಅವಕಾಶ ಕೊಟ್ಟಿತು. ಏಪ್ರಿಲ್ ಮೊದಲ ವಾರ ದೆಹಲಿಯ ರಸ್ತೆಗಳಿಂದ ಸಾವಿರಾರು ಬಸ್ಸುಗಳು ಕಾಣೆಯಾದವು. ನಿಲ್ದಾಣಗಳಲ್ಲಿ ಜನ ಗಂಟೆಗಟ್ಟಲೆ ನಿಂತರು. ಆಟೊ ಚಾಲಕರು ಅನಿಲಕ್ಕಾಗಿ ಕಿಲೋಮೀಟರುಗಟ್ಟಲೆ ಸಾಲಿನಲ್ಲಿ ದಿನದ ದುಡಿಮೆ ಕಳೆದುಕೊಂಡರು. ಪರಿಸರದ ಇತಿಹಾಸ ಬರೆಯುವಾಗ ಇದನ್ನು 'ಆರಂಭದ ತೊಡಕು' ಎಂದು ಒಂದು ಸಾಲಿನಲ್ಲಿ ದಾಟಿಬಿಡುವುದುಂಟು. ಆದರೆ ತಪ್ಪು ಮಾಡಿದವರು ಇಲಾಖೆಗಳು ಮತ್ತು ಮಾಲೀಕರು, ದಂಡ ತೆತ್ತವರು ಬಸ್ಸಿಗೆ ಕಾದವರು ಎಂಬುದನ್ನು ಬರೆಯದೆ ಬಿಟ್ಟರೆ ಇತಿಹಾಸ ಅರ್ಧವೇ ಆಗುತ್ತದೆ.

ಅದೇ ಹೊತ್ತಿಗೆ ಇನ್ನೊಂದು ವಾದ ಜೋರಾಯಿತು. ಒಂದೇ ಇಂಧನಕ್ಕೆ ಕಟ್ಟುಬೀಳುವುದೇಕೆ, ಗಂಧಕ ಕಡಿಮೆ ಮಾಡಿದ ಡೀಸೆಲ್ ಸಾಲದೆ ಎಂದು ತಜ್ಞರಲ್ಲೇ ಕೆಲವರು ಕೇಳಿದರು. 2001ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ವಿಜ್ಞಾನಿ ಆರ್.ಎ. ಮಾಶೇಲ್ಕರ್ ಅವರ ನೇತೃತ್ವದಲ್ಲಿ ವಾಹನ ಇಂಧನ ನೀತಿಗೆಂದು ಬೇರೊಂದು ಸಮಿತಿ ನೇಮಿಸಿತು. ಹೀಗೆ ಸಮಿತಿಗೆ ಪ್ರತಿಸಮಿತಿ ಹುಟ್ಟಿತು. ಸರ್ಕಾರ ಹೊಗೆಯ ಮಿತಿಯನ್ನಷ್ಟೇ ಗೊತ್ತುಮಾಡಬೇಕು, ಯಾವ ಇಂಧನದಿಂದ ಆ ಮಿತಿ ಮುಟ್ಟಬೇಕೆಂಬುದನ್ನು ತಯಾರಕರಿಗೆ ಬಿಡಬೇಕು ಎಂಬುದು ಮಾಶೇಲ್ಕರ್ ಸಮಿತಿಯ ನಿಲುವು. ತತ್ವವಾಗಿ ನೋಡಿದರೆ ಇದರಲ್ಲಿ ತಪ್ಪಿಲ್ಲ. ಆದರೆ ಇಪಿಸಿಎ ಕಡೆಯ ಉತ್ತರ ದೆಹಲಿಯ ಬಂಕುಗಳನ್ನು ನೋಡಿ ಬಂದದ್ದು. ಅಂದು ದೆಹಲಿಯಲ್ಲಿ ಸಿಗುತ್ತಿದ್ದ ಡೀಸೆಲ್ಲಿನ ಗಂಧಕ ಹತ್ತು ಲಕ್ಷಕ್ಕೆ 500 ಭಾಗ. ಅದನ್ನು ಇಳಿಸಿದರೂ ಅಗ್ಗದ ಸೀಮೆಎಣ್ಣೆ ಬೆರೆಸುವವರ ಕೈ ತಡೆಯುವವರಾರು? ಅನಿಲಕ್ಕೆ ಸೀಮೆಎಣ್ಣೆ ಬೆರೆಸಲಾಗುವುದಿಲ್ಲ. ಕಾನೂನು ಜಾರಿ ಸಡಿಲವಾಗಿರುವ ಊರಿಗೆ ಕಲಬೆರಕೆಯೇ ಆಗದ ಇಂಧನ ಬೇಕು ಎಂಬ ಈ ವಾದ ನನಗೆ ಇಡೀ ಪ್ರಕರಣದಲ್ಲೇ ಅತ್ಯಂತ ಪ್ರಾಮಾಣಿಕವಾದದ್ದು ಅನ್ನಿಸುತ್ತದೆ. ಅದೇ ಅತ್ಯಂತ ನಿರಾಶೆಯ ವಾದವೂ ಹೌದು. ಇಲಾಖೆಗಳು ಸರಿಹೋಗುವುದಿಲ್ಲ ಎಂಬುದನ್ನು ಒಪ್ಪಿಕೊಂಡು ಕಟ್ಟಿದ ಯೋಜನೆ ಅದು.

2002ರ ಏಪ್ರಿಲ್ 5ರಂದು ಕೋರ್ಟು ಮಾಶೇಲ್ಕರ್ ವರದಿಯನ್ನು ಬದಿಗಿಟ್ಟಿತು. ಆ ಸಮಿತಿಯಲ್ಲಿ ಒಬ್ಬ ವೈದ್ಯರಾಗಲಿ ಸಾರ್ವಜನಿಕ ಆರೋಗ್ಯ ಬಲ್ಲವರಾಗಲಿ ಇಲ್ಲದ್ದನ್ನು ಎತ್ತಿ ಹೇಳಿತು. ಮೊದಲ ಇಪಿಸಿಎಯ ಐವರಲ್ಲೂ ವೈದ್ಯರಿರಲಿಲ್ಲ ಎಂಬುದನ್ನು ಓದುವವರು ನೆನಪಿಟ್ಟುಕೊಳ್ಳಬಹುದು. ರಸ್ತೆಗಿಳಿದ ಪ್ರತಿ ಡೀಸೆಲ್ ಬಸ್ಸಿಗೆ ದಿನಕ್ಕೆ 500 ರೂಪಾಯಿ, 30 ದಿನಗಳ ಬಳಿಕ 1,000 ರೂಪಾಯಿ ದಂಡ. ಕೇಂದ್ರ ಸರ್ಕಾರಕ್ಕೂ 20,000 ರೂಪಾಯಿ ವೆಚ್ಚ ತೆರುವಂತೆ ಆದೇಶ. ಅನಿಲ ಹಂಚುವಾಗ ಕೈಗಾರಿಕೆಗಿಂತ ಸಾರಿಗೆಗೆ ಆದ್ಯತೆ. ಆ ವರ್ಷ ಡಿಸೆಂಬರ್ ಹೊತ್ತಿಗೆ ದೆಹಲಿಯ ಕೊನೆಯ ಡೀಸೆಲ್ ನಗರ ಬಸ್ಸೂ ರಸ್ತೆಯಿಂದ ಮರೆಯಾಯಿತು. ಇದಕ್ಕಾಗಿ ವರ್ಷಗಟ್ಟಲೆ ಬರೆದು ಹೋರಾಡಿದ ಅನಿಲ್ ಅಗರ್ವಾಲ್ ಅದನ್ನು ನೋಡಲಿಲ್ಲ. ಅವರು 2002ರ ಜನವರಿ 2ರಂದು ತೀರಿಕೊಂಡಿದ್ದರು.

ಕಣ್ಣಿಗೆ ಕಾಣುವ ಕಪ್ಪು ಹೊಗೆ ಕಡಿಮೆಯಾದದ್ದು ನಿಜ. ಆದರೆ ಗೆದ್ದದ್ದು ಏನು, ಬಿಟ್ಟದ್ದು ಏನು ಎಂದು ಪಟ್ಟಿ ಮಾಡಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. 1998ರ ಆದೇಶದಲ್ಲಿ ಇಂಧನದ ಸಾಲು ಜಾರಿಯಾಯಿತು, 10,000 ಬಸ್ಸಿನ ಸಾಲು ಎರಡು ದಶಕ ಕಳೆದರೂ ಆಗಲಿಲ್ಲ. ಅದೇ ಪ್ರಕರಣದಲ್ಲಿ 1997ರ ಡಿಸೆಂಬರಿನಲ್ಲಿ ಕೋರ್ಟು ಹೊಸ ಆಟೊ ಪರವಾನಗಿಗಳಿಗೆ ತಡೆ ಹಾಕಿತ್ತು. 2011ರಲ್ಲಿ ಮಿತಿಯನ್ನು 1 ಲಕ್ಷಕ್ಕೆ ಏರಿಸುವವರೆಗೆ ಆ ತಡೆ ಮುಂದುವರಿಯಿತು. ಪರವಾನಗಿ ದುಬಾರಿ ಸರಕಾಗಿ ಸಾಲಕೊಡುವವರ ಕೈಸೇರಿತು, ಚಾಲಕ ಬಾಡಿಗೆಗೆ ಓಡಿಸುವವನಾದ. ಈ ಅವಧಿಯಲ್ಲಿ ಖಾಸಗಿ ಕಾರುಗಳಿಗೆ ಹೊಗೆಯ ಮಾನದಂಡ ಬಿಗಿಯಾಯಿತೇ ಹೊರತು ಸಂಖ್ಯೆಯ ಮಿತಿ ಬರಲಿಲ್ಲ. ಡೀಸೆಲ್ ಬೆಲೆ ಅಗ್ಗವಿದ್ದುದರಿಂದ ಡೀಸೆಲ್ ಕಾರುಗಳೂ ಹೆಚ್ಚಿದವು. ಬಸ್ಸಿನಿಂದ ಉಳಿಸಿದ್ದನ್ನು ಕಾರು ತಿಂದುಹಾಕಿತು. ಯಾವುದಕ್ಕೆ ದುಡ್ಡು, ಜಾಗ ಮತ್ತು ಚುನಾಯಿತರ ಮನಸ್ಸು ಬೇಕಿತ್ತೋ ಅದು ಆಗಲಿಲ್ಲ. ದಂಡ ಹಾಕಿ ಮಾಡಿಸಬಹುದಾದದ್ದಷ್ಟೇ ಆಯಿತು. ಕೋರ್ಟು ಬಸ್ಸನ್ನು ನಿಲ್ಲಿಸಬಲ್ಲದು, ಬಸ್ಸನ್ನು ಕೊಂಡು ಓಡಿಸಲಾರದು.

ಸಮಿತಿಯ ಅವಧಿ ಮತ್ತೆ ಮತ್ತೆ ವಿಸ್ತರಣೆಯಾಯಿತು. ಅಗರ್ವಾಲ್ ಅವರ ನಂತರ ಸುನೀತಾ ನಾರಾಯಣ್ ಸದಸ್ಯರಾದರು. 2015ರಲ್ಲಿ ದೆಹಲಿಯೊಳಗೆ ಬರುವ ಟ್ರಕ್ಕುಗಳಿಗೆ ಪರಿಸರ ಪರಿಹಾರ ಶುಲ್ಕ ಬಂತು. ಗಾಳಿ ಕೆಟ್ಟಷ್ಟೂ ಕ್ರಮ ಬಿಗಿಯಾಗುವ ಹಂತಹಂತದ ಯೋಜನೆ 2017ರ ಜನವರಿಯಲ್ಲಿ ಅಧಿಸೂಚನೆಯಾಯಿತು, ಅದರ ಜಾರಿಯೂ ಇಪಿಸಿಎಯ ಹೆಗಲಿಗೆ ಬಿತ್ತು. 2018ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್ 6ರ ಇಂಧನ ದೇಶದಲ್ಲೇ ಮೊದಲಿಗೆ ದೆಹಲಿಗೆ ಬಂದಾಗ ಗಂಧಕ 10 ಭಾಗಕ್ಕೆ ಇಳಿದಿತ್ತು. ಇಷ್ಟಾದರೂ 2020ರಲ್ಲಿ ಸಮಿತಿಯನ್ನು ಮುಚ್ಚಿದಾಗ ತಡೆಯುವವರಿರಲಿಲ್ಲ. ಅದರ ಬಲವೆಲ್ಲ ಕೋರ್ಟಿನಿಂದ ಕಡ ತಂದದ್ದು. ಅದಕ್ಕೆ ಮತದಾರರಿರಲಿಲ್ಲ, ನಗರಸಭೆಯಲ್ಲಿ ಬೇರಿರಲಿಲ್ಲ, ಬಸ್ಸಿಗೆ ಕಾಯುವವರು ಅದನ್ನು ತಮ್ಮದೆಂದುಕೊಂಡಿರಲಿಲ್ಲ. ಅದರ ಜಾಗಕ್ಕೆ ಬಂದ ಆಯೋಗ 2021ರಲ್ಲಿ ಕಾಯ್ದೆಯ ರೂಪ ಪಡೆಯಿತು. ಅದಕ್ಕೆ ಸ್ವಂತ ಅಧಿಕಾರವಿದೆ. ಐದು ವರ್ಷದವರೆಗಿನ ಸೆರೆವಾಸ, 1 ಕೋಟಿ ರೂಪಾಯಿವರೆಗಿನ ದಂಡದ ಕಲಮುಗಳಿವೆ. ಅಧಿಕಾರ ಬಂತು, ಆದರೆ ಅದು ದೆಹಲಿಯ ನಗರಸಭೆಗಾಗಲಿ ಪ್ರಯಾಣಿಕರಿಗಾಗಲಿ ಬರಲಿಲ್ಲ.

ಇದು ದೆಹಲಿಯ ಕಥೆ ಮಾತ್ರವಲ್ಲ. 2003ರ ಆಗಸ್ಟ್‌ನಲ್ಲಿ ಅದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇತರ ಕೆಲವು ನಗರಗಳ ದೂಳಿನ ಕಣಗಳ ಬಗ್ಗೆಯೂ ಯೋಜನೆ ಕೇಳಿದಾಗ ಅಹಮದಾಬಾದ್, ಕಾನ್ಪುರ, ಚೆನ್ನೈ, ಹೈದರಾಬಾದುಗಳ ಜೊತೆ ಬೆಂಗಳೂರೂ ಇತ್ತು. 2018ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇಂಥ ನಗರಗಳಿರುವ ರಾಜ್ಯಗಳಲ್ಲಿ ಗಾಳಿಯ ಗುಣಮಟ್ಟದ ನಿಗಾ ಸಮಿತಿ ಮಾಡಲು ಹೇಳಿತು. ಪರಿಸರ, ಸಾರಿಗೆ, ಕೈಗಾರಿಕೆ, ನಗರಾಭಿವೃದ್ಧಿ, ಕೃಷಿ ಇಲಾಖೆಗಳ ಅಧಿಕಾರಿಗಳು ಅದರ ಸದಸ್ಯರು. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಸೇರಿವೆ. ದೇಶದಾದ್ಯಂತ ಈ ಕಾರ್ಯಕ್ರಮದ ಹಣದ ದೊಡ್ಡ ಪಾಲು ಹೋಗಿರುವುದು ರಸ್ತೆಯ ದೂಳಿಗೆ. ಕಸ ಗುಡಿಸುವ ಯಂತ್ರ ಕೊಂಡರೆ ಯಾರಿಗೂ ಸಿಟ್ಟು ಬರುವುದಿಲ್ಲ. 2019ರ ಕೊನೆಯಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆಂದೇ ಬೇರೆ ಪಥ ಮಾಡಿದ್ದು ನೆನಪಿರಬಹುದು. ಮೆಟ್ರೊ ಕಾಮಗಾರಿ ಬಂದಾಗ ಮೊದಲು ಹೋದದ್ದು ಅದೇ ಪಥ. ಬೆಂಗಳೂರಿನ ವಾಹನಗಳು ಈಗ ಕೋಟಿ ದಾಟಿವೆ, ಬಿಎಂಟಿಸಿ ಬಸ್ಸುಗಳು ಸಾವಿರಗಳ ಲೆಕ್ಕದಲ್ಲೇ ಇವೆ.

ಭೂರೇಲಾಲ್ ಸಮಿತಿ ವಿಫಲವಾಯಿತೆಂದು ನಾನು ಹೇಳುತ್ತಿಲ್ಲ. ಎಲ್ಲರೂ ಕೈತೊಳೆದುಕೊಂಡಿದ್ದ ಕಾಲದಲ್ಲಿ ಅದು ಕೆಲಸ ಮಾಡಿತು. ಒಂದು ಪೀಳಿಗೆಯ ಮಕ್ಕಳು ಅಷ್ಟರ ಮಟ್ಟಿಗೆ ಕಡಿಮೆ ಹೊಗೆ ಕುಡಿದರು. ಆದರೆ ಕಡ ತಂದ ಅಧಿಕಾರದಿಂದ ಇಂಧನ ಬದಲಾಯಿಸಬಹುದು, ಊರಿನ ಓಡಾಟದ ರೀತಿಯನ್ನು ಬದಲಾಯಿಸಲಾಗದು ಎಂಬುದನ್ನು ಅದರ 22 ವರ್ಷಗಳು ತೋರಿಸಿವೆ. ನಮ್ಮ ಊರುಗಳಲ್ಲಿ ಮುಂದಿನ ಸಮಿತಿ ರಚನೆಯಾದಾಗ ಅದರ ಶಿಫಾರಸು ಏನು ಎಂದು ಕೇಳುವ ಮೊದಲು ಎರಡು ಪ್ರಶ್ನೆ ಕೇಳಬೇಕು. ಆ ಮೇಜಿನ ಸುತ್ತ ಬಸ್ಸಿಗೆ ಕಾಯುವವರಿಗೆ ಒಂದು ಕುರ್ಚಿ ಇದೆಯೇ? ಶಿಫಾರಸು ಜಾರಿಯಾಗದಿದ್ದರೆ ನಮ್ಮ ವಾರ್ಡಿನ ಸದಸ್ಯರು ಯಾರಿಗೆ ಉತ್ತರ ಕೊಡಬೇಕು?