ಬಣ್ಣಕ್ಕಿಂತ ಮೊದಲು ಕಡತ

ಅಂಬಲಪಾಡಿಯಲ್ಲಿ ಹಳೇ ಹೆಂಚಿನ ಮನೆ ಬೇಗ ಮಾರಬೇಕಂದ್ರೆ, ಸುಣ್ಣಬಣ್ಣ ಹೊಡೆಸಿ, ಅಂಗಳ ಚೊಕ್ಕ ಮಾಡಿ ಅಂತಾರೆ ಎಲ್ಲರೂ. ಸರಿಯೇ. ಆದರೆ ನನ್ನಂಥ ಸಾಫ್ಟ್‌ವೇರ್‌ನವನಿಗೆ ಅದು ಬರೀ ಸ್ಕ್ರೀನ್. ಬೆಲೆ ಕೂತಿರುವುದು ಹಿಂದಿನ ಡೇಟಾಬೇಸಿನಲ್ಲಿ, ಅಂದ್ರೆ ಕಡತದಲ್ಲಿ.

ಕಾರಣ ನಮ್ಮೂರ ಇತಿಹಾಸ. ಅಳಿಯಸಂತಾನ ಕುಟುಂಬಗಳಲ್ಲಿ ಆಸ್ತಿ ಹೆಣ್ಣಿನ ಸಂತತಿಗೆ ಇಳಿಯುತ್ತಿತ್ತು. ಯಜಮಾನ ನೋಡಿಕೊಳ್ಳುವವನಷ್ಟೇ, ಮನಬಂದಂತೆ ಮಾರುವಂತಿರಲಿಲ್ಲ. ಎಲ್ಲರೂ ಒಪ್ಪದೆ ಪಾಲೂ ಆಗುತ್ತಿರಲಿಲ್ಲ. ಕವರು, ಅಂದ್ರೆ ಒಬ್ಬ ತಾಯಿಯ ಕವಲು, ಪಾಲು ಕೇಳಬಹುದು ಎಂದದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ. ಆಗ ನಮ್ಮ ಜಿಲ್ಲೆ ಮದ್ರಾಸಿನಲ್ಲಿತ್ತು. ಇನ್ನು ಮೂಲಗೇಣಿಯ ಜಾಗವಾದರೆ ಮನೆ ಒಬ್ಬರದು, ನೆಲದ ಧಣಿ ಇನ್ನೊಬ್ಬರು. ಆ ಗೇಣಿದಾರರಿಗೆ ಒಡೆತನ ಕೊಡಿಸಲು 2011ರ ಕಾಯ್ದೆಯೇ ಬರಬೇಕಾಯ್ತು.

ಹಾಗಾಗಿ ದುಬೈಯಲ್ಲಿರುವ ದೊಡ್ಡಮ್ಮನ ಮಗಳ ಒಂದು ಸಹಿ ಬಾಕಿಯಿದ್ದರೂ ಕೊಳ್ಳುವವರು ಹಿಂಜರಿಯುತ್ತಾರೆ, ಇಲ್ಲವೇ ಬೆಲೆ ಇಳಿಸ್ತಾರೆ. ವಿಭಾಗಪತ್ರ, ಆರ್‌ಟಿಸಿ, ಇಸಿ, ತೆರಿಗೆ ರಶೀದಿ ಮೊದಲು ಜೋಡಿಸಿ. ಪೈಂಟರಿಗೆ ಫೋನ್ ಮಾಡುವ ಮುಂಚೆ, ಮನೆಯಲ್ಲಿ ಅಜ್ಜಿ ಇದ್ದರೆ, ಯಾರ ಪಾಲಿಗೆ ಏನು ಬಂತು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಕಡತದಲ್ಲಿ ಇಲ್ಲದ ಕೆಲವು ಹೆಸರುಗಳು ಅವರ ನೆನಪಲ್ಲಿ ಮಾತ್ರ ಇರ್ತವೆ.