ರಾಜೀನಾಮೆ: ನೆಲವನ್ನು ಬಿಟ್ಟುಕೊಡುವ ಹಕ್ಕು

ಉದ್ಯೋಗವನ್ನು ತ್ಯಜಿಸುವ ಪತ್ರವನ್ನು ಇಂದು ನಾವು ರಾಜೀನಾಮೆ ಎನ್ನುತ್ತೇವೆ. ತುಮಕೂರು, ಗುಬ್ಬಿ, ಕುಣಿಗಲು ಸೀಮೆಯ ರೈತರಿಗೆ ಹಿಂದೆ ಈ ಮಾತು ನೆಲಕ್ಕೆ ಸಂಬಂಧಿಸಿದುದಾಗಿತ್ತು. ಪಾರಸಿ ಮೂಲದ ಈ ಶಬ್ದಕ್ಕೆ ಒಪ್ಪಿಗೆಯ ಪತ್ರವೆಂದರ್ಥ. ಭೂಮಿಯನ್ನು ಬಿಡುವವನು ರಾಜೀನಾಮೆಯನ್ನೂ ಹಿಡಿಯುವವನು ಕಬೂಲಾಯತಿಯನ್ನೂ ಬರೆದುಕೊಡುತ್ತಿದ್ದರು. ಬೇಡವಾದ ಭೂಮಿಯನ್ನು ಒಡೆಯನು ಸುಮ್ಮನೆ ಬಿಟ್ಟುಬಿಡಬಹುದೇ ಎಂಬ ಪ್ರಶ್ನೆಗೆ ನಮ್ಮ ನಾಡಿನ ಉತ್ತರವು ಈ ಜೋಡಿ ಪತ್ರಗಳಲ್ಲಿಯೇ ಅಡಗಿದೆ: ಬಿಡಬಹುದು, ಆದರೆ ಸ್ವೀಕರಿಸುವ ಕೈಯೊಂದು ಇರಬೇಕು.

ಈ ಭಾವನೆ ಹಳೆಯದು. ತುಮಕೂರು ಜಿಲ್ಲೆಯ ಶಾಸನಗಳನ್ನು ರೈಸರು ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟವಾಗಿ 1904ರಲ್ಲಿ ಪ್ರಕಟಿಸಿದರು. ನಮ್ಮ ದಾನಶಾಸನಗಳಲ್ಲಿ ಭೂಮಿಯನ್ನು ಧಾರಾಪೂರ್ವಕವಾಗಿ ಕೊಟ್ಟವನ ಹೆಸರಿನೊಡನೆ ಪಡೆದವನ ಹೆಸರೂ ಇರುತ್ತದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗಗಳನ್ನು ಎಣಿಸಿ ಹೇಳುವಷ್ಟು ಎಚ್ಚರ ಆ ಬರಹಗಾರರಿಗಿದ್ದಿತು.

ಆದರೆ ಬಡ ರೈತನು ಶಾಸನ ಬರೆಸಿ ಭೂಮಿಯನ್ನು ಬಿಟ್ಟವನಲ್ಲ. ಯುದ್ಧ, ಬರ, ಕಂದಾಯದ ಭಾರ ಇವುಗಳಿಗೆ ಅಂಜಿ ರಾತ್ರೋರಾತ್ರಿ ಎತ್ತುಗಳೊಡನೆ ಊರು ಬಿಟ್ಟವನು. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ನನು ಯುದ್ಧಗಳಿಂದ ಹಾಳುಬಿದ್ದ ಪ್ರದೇಶಗಳನ್ನು ಕಂಡು ಬರೆದಿದ್ದಾನೆ. ಜನರಿಲ್ಲದ ಊರಿಗೆ ಕಂದಾಯ ದಫ್ತರಗಳು ಬೇಚಿರಾಕ್ ಗ್ರಾಮವೆನ್ನುತ್ತವೆ. ದೀಪವಿಲ್ಲದ್ದು ಎಂದು ಆ ಪದದ ಮೂಲಾರ್ಥ. ದಫ್ತರದ ಒಣ ಭಾಷೆಯಲ್ಲಿ ಇಂಥದೊಂದು ಮಾತು ಉಳಿದಿರುವುದು ಆಶ್ಚರ್ಯವೇ ಸರಿ.

ಈ ಓಡಿಹೋಗುವಿಕೆಯನ್ನು ಹಕ್ಕಾಗಿ ಮಾರ್ಪಡಿಸಿದುದು ಮುಂಬಯಿ ಮಾದರಿಯ ಭೂಮಾಪನ. 1863ರಲ್ಲಿ ಅದು ಮೈಸೂರಿನಲ್ಲಿ ಆರಂಭವಾಯಿತು. ಹೊಲಗಳಿಗೆ ಸರ್ವೆ ನಂಬರು ಬಿದ್ದು, ಕಂದಾಯವು 30 ವರ್ಷಗಳಿಗೆ ನಿಶ್ಚಿತವಾಯಿತು. ಸರ್ಕಾರವು 30 ವರ್ಷ ಮಾತಿಗೆ ಕಟ್ಟುಬಿದ್ದರೆ, ರೈತನು ಒಂದು ವರ್ಷಕ್ಕೆ ಮಾತ್ರ ಕಟ್ಟುಬಿದ್ದವನು. ಬೇಡವಾದರೆ ವರ್ಷಾಂತ್ಯಕ್ಕೆ ಬಿಡಬಹುದಾಗಿತ್ತು. 1879ರ ಮುಂಬಯಿ ಭೂಕಂದಾಯ ಸಂಹಿತೆಯಲ್ಲಿ ಮಾರ್ಚ್ 31ರೊಳಗೆ ಬರಹದ ಸೂಚನೆ ಕೊಡಬೇಕೆಂಬ ನಿಯಮವಿತ್ತು. ಕಲ್ಲುನೆಲವನ್ನಷ್ಟೇ ಬಿಟ್ಟು ಒಳ್ಳೆಯ ಮೂಲೆಯನ್ನು ಉಳಿಸಿಕೊಳ್ಳುವಂತಿರಲಿಲ್ಲ. ಇಡೀ ಸರ್ವೆ ನಂಬರನ್ನಾಗಲಿ ಅದರಲ್ಲಿ ಗುರುತಿಸಲ್ಪಟ್ಟ ಪಾಲನ್ನಾಗಲಿ ಬಿಡಬೇಕು. ಬಿಟ್ಟ ನೆಲಕ್ಕೆ ತನ್ನ ಉಳಿದ ಹೊಲದ ಮೂಲಕವೇ ದಾರಿಯಿದ್ದರೆ ಆ ದಾರಿಯನ್ನು ಮುಚ್ಚಕೂಡದು. 1888ರ ಮೈಸೂರು ಭೂಕಂದಾಯ ಸಂಹಿತೆಯು ಇದೇ ಜಾಡನ್ನು ಹಿಡಿಯಿತು.

ಈ ಹಕ್ಕಿನ ಬೆಲೆ ತಿಳಿಯಬೇಕಾದರೆ 1876–78ರ ಮಹಾಕ್ಷಾಮವನ್ನು ನೆನೆಯಬೇಕು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷವನ್ನು ಮೀರಿದ್ದುದು 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿಯಿತು. ತುಮಕೂರು ಜಿಲ್ಲೆ ಹೆಚ್ಚು ನೊಂದ ಜಿಲ್ಲೆಗಳಲ್ಲೊಂದು. ಗುಬ್ಬಿಯ ಬಾಗಾಯತನ್ನಾಗಲಿ ಕುಣಿಗಲು ದೊಡ್ಡಕೆರೆಯ ಕೆಳಗಣ ತರಿಯನ್ನಾಗಲಿ ಯಾರೂ ಸುಲಭವಾಗಿ ಬಿಡರು. ಬಿತ್ತಿದ ಬೀಜವೂ ಹಿಂದಿರುಗದ ಖುಷ್ಕಿಯ ಬಾಕಿಯನ್ನು ಮಕ್ಕಳ ತಲೆಯ ಮೇಲೆ ಹೊರಿಸದಿರಲು ಬಡವನಿಗಿದ್ದ ಗೌರವದ ಮಾರ್ಗ ರಾಜೀನಾಮೆಯೊಂದೇ.

ಈ ಅವಕಾಶವು 1964ರ ಭೂಕಂದಾಯ ಅಧಿನಿಯಮದಲ್ಲಿಯೂ ಮುಂದುವರಿದಿದೆ. ಬರಹವಿಲ್ಲದೆ ಬೆಂಗಳೂರಿಗೆ ಹೋಗಿ ನೆಲೆಸಿದ ಮಾತ್ರಕ್ಕೆ ಪಹಣಿಯಲ್ಲಿನ ಹೆಸರು ಅಳಿಯದು. ಅನ್ಯನು ಪ್ರತಿಕೂಲವಾಗಿ 12 ವರ್ಷ ಸ್ವಾಧೀನದಲ್ಲಿದ್ದರೆ ಒಡೆಯನ ಹಕ್ಕು ನಶಿಸಬಹುದು. ವಾರಸುದಾರರೇ ಇಲ್ಲದಿದ್ದರೆ ಸಂವಿಧಾನದ 296ನೆಯ ಅನುಚ್ಛೇದದಂತೆ ಆಸ್ತಿಯು ಸಾಮಾನ್ಯವಾಗಿ ರಾಜ್ಯಕ್ಕೆ ಸೇರುವುದು. ತುಮಕೂರು ನಗರದ ನಿವೇಶನವನ್ನು ದಾನ ಕೊಡಬೇಕೆಂದರೂ 1882ರ ಸ್ವತ್ತು ವರ್ಗಾವಣೆ ಅಧಿನಿಯಮದಂತೆ ಪಡೆಯುವವನ ಸ್ವೀಕಾರ ಬೇಕು.

ಹಕ್ಕುಬಿಡುಗಡೆ ಪತ್ರವನ್ನೂ ರಾಜೀನಾಮೆಯನ್ನೂ ಹಲವರು ಒಂದೆಂದು ಭಾವಿಸುವುದುಂಟು. ಅವು ಬೇರೆ ಬೇರೆ. ಹಕ್ಕುಬಿಡುಗಡೆಯಲ್ಲಿ ಒಬ್ಬ ಪಾಲುದಾರನ ಪಾಲು ಇನ್ನೊಬ್ಬನಿಗೆ ಸೇರುತ್ತದೆಯೇ ಹೊರತು ಸರ್ಕಾರಕ್ಕಲ್ಲ. ಇಂದು ಇದಕ್ಕೆ ಸಹಿ ಹಾಕುವವರಲ್ಲಿ ಅನೇಕರು ಮನೆಯ ಹೆಣ್ಣುಮಕ್ಕಳು. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಂತೆಯೇ ಹುಟ್ಟಿನಿಂದ ಪಾಲುಂಟೆಂದು 2005ರ ತಿದ್ದುಪಡಿ ಹೇಳಿದ ಮೇಲೆ, ಅವರು ಬಿಡುತ್ತಿರುವ ನೆಲವು ಬೇಡವಾದ ನೆಲವೇ ಎಂದು ಪತ್ರ ಬರೆಯುವವರು ಕೇಳುವುದು ಅಪರೂಪ.