ಬೆಂಕಿ ಆರಿದ ದ್ವೀಪ, ಬೆಂಕಿ ಆರದ ದ್ವೀಪ

'ಲಾರ್ಡ್ ಆಫ್ ದಿ ಫ್ಲೈಸ್' ಕಾದಂಬರಿ ಓದಿದವರಲ್ಲಿ ಹೆಚ್ಚಿನವರು ಹೇಳುವ ಮಾತು ಒಂದೇ: ದೊಡ್ಡವರು ಇಲ್ಲದಿದ್ದರೆ ಮಕ್ಕಳೂ ಮೃಗಗಳೇ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಎರಡನೇ ಸಲ ಓದಿದಾಗ ಅನುಮಾನ ಶುರುವಾಯಿತು. ಆ ಮಕ್ಕಳನ್ನು ಕೆಡಿಸಿದ್ದು ಒಂಟಿತನವೋ, ಭಯವೋ?

ಸ್ವಲ್ಪ ಹಿಂದಕ್ಕೆ ಹೋಗೋಣ. 1857ರಲ್ಲಿ ಬ್ಯಾಲಂಟೈನ್ ಎಂಬಾತ 'ದಿ ಕೋರಲ್ ಐಲೆಂಡ್' ಬರೆದ. ಹಡಗು ಒಡೆದು ದ್ವೀಪ ಸೇರಿದ ಮೂವರು ಬ್ರಿಟಿಷ್ ಹುಡುಗರು ಅಲ್ಲಿ ಹಾಯಾಗಿರುತ್ತಾರೆ. ಕೆಡುಕೇನಿದ್ದರೂ ಹೊರಗಿನಿಂದ ಬರುವ ಕಡಲ್ಗಳ್ಳರದು, 'ಅನಾಗರಿಕ'ರದು. ಸಾಮ್ರಾಜ್ಯ ಬೆಳೆಯುತ್ತಿದ್ದ ಕಾಲದ ಧೈರ್ಯ ಅದು!

ನೂರು ವರ್ಷ ತುಂಬುವ ಮೊದಲೇ, 1954ರಲ್ಲಿ, ವಿಲಿಯಂ ಗೋಲ್ಡಿಂಗ್ ಈ ಕತೆಯನ್ನು ತಲೆಕೆಳಗು ಮಾಡಿದ. ಆತ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯಲ್ಲಿದ್ದವನು, ಆಮೇಲೆ ಸಾಲ್ಸ್‌ಬರಿಯ ಗಂಡುಮಕ್ಕಳ ಶಾಲೆಯಲ್ಲಿ ಮೇಷ್ಟ್ರು. ಯುದ್ಧವನ್ನೂ ಕಂಡಿದ್ದ, ಹುಡುಗರನ್ನೂ ಕಂಡಿದ್ದ. ತನ್ನ ಹುಡುಗರಿಗೆ ಬ್ಯಾಲಂಟೈನನ ಹೆಸರುಗಳನ್ನೇ ಇಟ್ಟ: ರಾಲ್ಫ್, ಜ್ಯಾಕ್.

ಗಮನಿಸಿ, ಮೊದಲ ದಿನ ಎಲ್ಲವೂ ಸರಿಯಾಗೇ ಇರುತ್ತದೆ. ಶಂಖ ಊದಿದರೆ ಸಭೆ, ಶಂಖ ಹಿಡಿದವನಿಗೆ ಮಾತು. ಹಡಗಿಗೆ ಕಾಣಲೆಂದು ಬೆಟ್ಟದ ಮೇಲೆ ಬೆಂಕಿ. ಅಷ್ಟರಲ್ಲಿ ಒಬ್ಬ ಪುಟ್ಟ ಹುಡುಗ ಕಾಡಿನಲ್ಲಿ 'ಮೃಗ' ನೋಡಿದೆ ಅನ್ನುತ್ತಾನೆ. ರಾಲ್ಫ್ ಇಲ್ಲ ಅನ್ನುತ್ತಾನೆ. ಜ್ಯಾಕ್ ಮಾತ್ರ, ಇದ್ದರೆ ಬೇಟೆಯಾಡಿ ಕೊಲ್ಲುತ್ತೇವೆ ಅನ್ನುತ್ತಾನೆ. ಅಲ್ಲಿಗೆ ಭಯಕ್ಕೊಬ್ಬ ಯಜಮಾನ ಸಿಕ್ಕ! ಮುಂದೆ ಬೇಟೆಯ ಹುಚ್ಚಿನಲ್ಲಿ ಬೆಂಕಿ ಆರುತ್ತದೆ, ಅದೇ ಹೊತ್ತಿಗೆ ದೂರದಲ್ಲೊಂದು ಹಡಗು ಹಾದುಹೋಗುತ್ತದೆ. ಮೃಗ ಅಂದುಕೊಂಡದ್ದು ಪ್ಯಾರಾಶೂಟ್‌ಗೆ ಸಿಕ್ಕಿಕೊಂಡ ಒಬ್ಬ ಸತ್ತ ಸೈನಿಕ ಅಷ್ಟೇ. ಆ ಸತ್ಯ ಹೇಳಲು ಓಡಿಬಂದ ಸೈಮನ್‌ನನ್ನೇ ಕತ್ತಲಲ್ಲಿ ಕುಣಿಯುತ್ತಿದ್ದ ಗುಂಪು ಮೃಗವೆಂದು ಕೊಂದುಹಾಕುತ್ತದೆ. ಕೊನೆಗೆ ಹಡಗನ್ನು ಕರೆತಂದದ್ದು ರಾಲ್ಫ್‌ನನ್ನು ಕೊಲ್ಲಲೆಂದು ಹಚ್ಚಿದ ಬೆಂಕಿಯ ಹೊಗೆ.

ಇದು ಕತೆ. ಈಗ ನಿಜವಾಗಿ ನಡೆದದ್ದು ಕೇಳಿ. 1965ರಲ್ಲಿ ಪೆಸಿಫಿಕ್ ಸಾಗರದ ಟೋಂಗಾ ದೇಶದ ಆರು ಶಾಲಾ ಹುಡುಗರು ಹಾಸ್ಟೆಲ್ಲಿನಿಂದ ತಪ್ಪಿಸಿಕೊಂಡು, ಒಂದು ದೋಣಿ ಕದ್ದು ಹೊರಟರು. ಬಿರುಗಾಳಿಗೆ ಸಿಕ್ಕಿ 8 ದಿನ ತೇಲಿ, ಅಟಾ ಎಂಬ ನಿರ್ಜನ ದ್ವೀಪ ಸೇರಿದರು. ಅದು ಮೊದಲಿನಿಂದ ನಿರ್ಜನವಲ್ಲ. 1863ರಲ್ಲಿ ಗುಲಾಮರ ವ್ಯಾಪಾರಿಗಳು ಅಲ್ಲಿಯ ಬಹಳಷ್ಟು ಜನರನ್ನು ಹೊತ್ತೊಯ್ದ ಮೇಲೆ ಖಾಲಿಯಾದದ್ದು. ಆ ಊರಿನವರು ಬಿಟ್ಟುಹೋದ ಬಾಳೆ, ಕೋಳಿಗಳೇ ನೂರು ವರ್ಷದ ಮೇಲೆ ಈ ಹುಡುಗರನ್ನು ಸಾಕಿದವು.

ಇಬ್ಬಿಬ್ಬರಂತೆ ಕೆಲಸ ಹಂಚಿಕೊಂಡರು. ಜಗಳವಾದರೆ ಇಬ್ಬರೂ ದೂರ ಹೋಗಿ ಸಿಟ್ಟು ಇಳಿಸಿಕೊಂಡು ಬರಬೇಕು. ಒಬ್ಬನ ಕಾಲು ಮುರಿದಾಗ ಕಡ್ಡಿ ಕಟ್ಟಿ ಕೂಡಿಸಿದರು, ಅವನ ಪಾಲಿನ ಕೆಲಸ ತಾವೇ ಮಾಡಿದರು. ಒಮ್ಮೆ ಹೊತ್ತಿಸಿದ ಬೆಂಕಿಯನ್ನು ಆರಲು ಬಿಡಲಿಲ್ಲ. 1966ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಪೀಟರ್ ವಾರ್ನರ್ ತನ್ನ ದೋಣಿಯಲ್ಲಿ ಅತ್ತ ಬಂದಾಗ ಆರೂ ಜನ ಆರೋಗ್ಯವಾಗಿದ್ದರು. ಊರಿಗೆ ಬಂದ ಕೂಡಲೇ ದೋಣಿ ಕದ್ದದ್ದಕ್ಕೆ ಜೈಲು! ವಾರ್ನರ್ ದೋಣಿಯ ದುಡ್ಡು ಕೊಟ್ಟು ಬಿಡಿಸಿದ.

ಹಾಗಾದರೆ ಗೋಲ್ಡಿಂಗ್ ಸುಳ್ಳೇ? ಹಾಗನ್ನಲಾರೆ. ಟೋಂಗಾದ ಹುಡುಗರು ಮೊದಲೇ ಗೆಳೆಯರು, ಕಡಲು ಬಲ್ಲವರು. ಕಾದಂಬರಿಯ ಮಕ್ಕಳು ಬಹುತೇಕ ಪರಸ್ಪರ ಅಪರಿಚಿತರು, ಅಣುಯುದ್ಧದಿಂದ ಓಡಿಬಂದವರು, ಭಯವನ್ನು ಜೊತೆಗೇ ತಂದವರು. ಆದರೆ ಒಂಟಿತನ ಎರಡೂ ಕಡೆ ಇತ್ತು. ಅಟಾದಲ್ಲಿ ಇಲ್ಲದಿದ್ದದ್ದು ಭಯ ತೋರಿಸಿ ನಾಯಕನಾಗುವ ಜ್ಯಾಕ್.

'ಮನುಷ್ಯರೇ ಹೀಗೆ' ಎಂದು ಪುಸ್ತಕ ಮುಚ್ಚಿಬಿಟ್ಟರೆ ಜ್ಯಾಕ್‌ನಂಥವರು ತಪ್ಪಿಸಿಕೊಂಡುಬಿಡುತ್ತಾರೆ. ಇನ್ನು ಮೇಲೆ ಯಾರಾದರೂ ಮೃಗ ಬಂತು ಅಂದರೆ, ನಾನಂತೂ ಮೊದಲು ಬೆಂಕಿ ಉರಿಯುತ್ತಿದೆಯೇ ಅಂತ ನೋಡುತ್ತೇನೆ. ನೀವು?